ಐದು ಅಂಕದ ‘ನಾನು’

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ “ಒಳಗೆ ಬರಲಾ ಮೇಡಂ?” ಅಂತ ನಿಂತಿರುತ್ತವೆ. ನಾನು ಶಿಕಾರಿಪುರದಿಂದ ದಿನಾ ಬಸ್ಸು ಹತ್ತಿ, ಸೊರಬದ ದಾರಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಹೋಗುತ್ತೇನೆ. ಹೋಗಿ ಹೋಗಿ ಕಂಡಕ್ಟರು ನನ್ನ ಹತ್ತಿರ ಆಧಾರ್ ಕಾರ್ಡ್ ಕೇಳುವುದನ್ನೇ ಬಿಟ್ಟಿದ್ದಾನೆ. ನನ್ನ ಗುರುತು ಸರಿಯಾಗಿ ಗೊತ್ತಿರುವ ಮನುಷ್ಯ ಈ ತಾಲ್ಲೂಕಿನಲ್ಲಿ ಅವನೊಬ್ಬನೇ ಇರಬೇಕು.

ಗುರುತಿನ ಮಾತು ಯಾಕೆ ಎತ್ತಿದೆ ಅಂದರೆ, ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ನಾನು ಮೊದಲು ಬರೆಸುವ ಪ್ರಬಂಧ ‘ನಾನು’. ಕಥೆ, ಪದ್ಯ ಯಾಕೆ ಓದಬೇಕು? ಅದರಲ್ಲಿ ನಮ್ಮ ಮುಖ ಕಾಣಲಿ ಅಂತ. ಪ್ರಬಂಧ ಯಾಕೆ ಬರೆಯಬೇಕು? ಕಂಡ ಮುಖ ಹೇಗಿದೆ ಅಂತ ನಾಲ್ಕು ಜನಕ್ಕೆ ಹೇಳಲಿಕ್ಕೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನಂಬಿದ್ದೆ. ಈಗಲೂ ನಂಬಿಕೆ ಇದೆ, ಸೊಂಟದಲ್ಲಿ ಶಕ್ತಿ ಇಲ್ಲ. ವರ್ಷಗಟ್ಟಲೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದು ತೊಳೆದು ಕೈ ಸೋತುಹೋಗಿದೆ.

ಕಳೆದ ಜೂನ್‌ನಲ್ಲಿ ನಮ್ಮ ಹೆಡ್ ಮೇಷ್ಟ್ರು ನನ್ನನ್ನು ಕರೆದು, “ಮೇಡಂ, ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ಪಾಠ ಇಲ್ಲ, ತಿದ್ದೋದಿಲ್ಲ, ನಿಮ್ಮನೆಗೆ ನಡೆದು ಹೋಗೋ ದೂರ. ಒಪ್ಪಿಗೆ ಇದ್ರೆ ಈ ವರ್ಷ ಮುಗಿಯೋದ್ರೊಳಗೆ ಬರೆದು ಕೊಡ್ರಿ” ಅಂದರು. ಮನೆಯಲ್ಲಿ ಹೇಳಿದರೆ ನಮ್ಮನೆಯವರು, “ಇನ್ನೂ ಬರೆದು ಕೊಟ್ಟಿಲ್ವಾ?” ಅಂತ ಕೇಳಿದರು. ಅವರದು ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವರ ಪ್ರಕಾರ ತಲೆ ಮೇಲೆ ಫ್ಯಾನ್ ತಿರುಗುವ ಕೆಲಸವೆಲ್ಲ ಒಳ್ಳೆಯ ಕೆಲಸ.

ನಾನು ಒಂದು ಶಪಥ ಮಾಡಿದೆ. ಈ ವರ್ಷ ಒಂದೇ ಒಂದು ಪ್ರಬಂಧ, ಬರೆದ ಮಗು ಒಳಗೆ ಕಾಣುವಂಥದ್ದು ಸಿಕ್ಕರೆ ಶಾಲೆಯಲ್ಲೇ ಉಳಿಯುತ್ತೇನೆ. ಸಿಗದಿದ್ದರೆ ಫ್ಯಾನಿನ ಕೆಳಗೆ ಹೋಗುತ್ತೇನೆ.

ಟಾಮಿ ಮತ್ತು ತಂಗಿ

ಮೊದಲ ಸಲ ಬರೆಸಿದೆ. ನಲವತ್ತು ಚಿಲ್ಲರೆ ಮಕ್ಕಳು, ಎಲ್ಲರದೂ ಒಂದೇ ಮನೆ. ಮನೆಯ ಮುಂದೆ ಹೂದೋಟ. ತಂದೆ ಬ್ಯಾಂಕಿನಲ್ಲಿ ನೌಕರರು. ಮುದ್ದಾದ ನಾಯಿ, ಅದರ ಹೆಸರು ಟಾಮಿ. ಒಬ್ಬಳು ತಂಗಿ, ಮೈಸೂರಿನಲ್ಲಿ ಓದುತ್ತಿದ್ದಾಳೆ. ದೊಡ್ಡವರಾದ ಮೇಲೆ ಎಲ್ಲರೂ ಡಾಕ್ಟರಾಗಿ ಬಡವರ ಸೇವೆ ಮಾಡುತ್ತಾರೆ. ಇಷ್ಟು ಡಾಕ್ಟರಿಗೆ ಬೇಕಾದಷ್ಟು ಬಡವರನ್ನು ಎಲ್ಲಿಂದ ತರುವುದು ಅಂತ ನನಗೆ ಚಿಂತೆಯಾಯಿತು. ಎಲ್ಲ ಗೈಡಿನ ಕೃಪೆ.

“ಅಲ್ರೋ, ಇದು ನಿಮ್ಮ ಮನೇನಾ? ಗೈಡಿನ ಊರು ಬೇಡ, ನಿಮ್ಮ ಸುತ್ತಮುತ್ತ ಇರೋದು ಬರೀರಿ. ಬರೆದು ಮನೇಲಿ ತೋರಿಸಿ ಸಹಿ ಹಾಕಿಸ್ಕೊಂಡು ಬರ್ರಿ” ಅಂತ ವಾಪಸ್ ಕೊಟ್ಟೆ.

ಎರಡು ದಿನ ಬಿಟ್ಟು ಒಬ್ಬ ಹುಡುಗನ ಅಪ್ಪ ಬೆಳಿಗ್ಗೆಯೇ ಬಂದು ನಿಂತರು. ಜೋಳದ ವ್ಯಾಪಾರದವರು. ಕಣ್ಣು ಕೆಂಪಗಿದ್ದವು, ನಿದ್ದೆ ಆದಹಾಗಿರಲಿಲ್ಲ.

“ಮೇಡಂ, ನನಗಿರೋರು ಇಬ್ಬರು ಗಂಡುಮಕ್ಕಳು.”

“ಹೌದ್ರೀ, ಗೊತ್ತು.”

“ನಮ್ಮ ಹುಡುಗ ಬರೆದಾನೆ, ನನಗೊಬ್ಬಳು ತಂಗಿ ಇದ್ದಾಳೆ, ಸೊರಬದಲ್ಲಿ ಓದ್ತಿದ್ದಾಳೆ ಅಂತ. ಸಹಿ ಹಾಕೋಕೆ ಅವರವ್ವನ ಕೈಗೆ ಕೊಟ್ಟಾನೆ. ನಾನು ವಾರಕ್ಕೊಂದು ಸಲ ಜೋಳದ ವ್ಯಾಪಾರಕ್ಕೆ ಸೊರಬಕ್ಕೇ ಹೋಗೋದು ಮೇಡಂ!”

ಹುಡುಗನನ್ನು ಕರೆಸಿ ಕೇಳಿದೆ. “ನೀವೇ ಹೇಳಿದ್ರಲ್ಲ ಮೇಡಂ, ಗೈಡಿನ ಊರು ಬೇಡ, ನಮ್ಮ ಕಡೆದು ಹಾಕಿ ಅಂತ. ಅದಕ್ಕೆ ಮೈಸೂರು ಹೊಡೆದು ಸೊರಬ ಹಾಕಿದೆ” ಅಂದ. ಅವನ ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇರಲಿಲ್ಲ, ಪಾಪ.

ಮನೆಯಾಕೆಗೆ ಫೋನ್ ಹಚ್ಚಿ, ಇದು ಗೈಡಿನ ತಂಗಿ, ನಿಮ್ಮ ಯಜಮಾನರಿಗೂ ಆಕೆಗೂ ಸಂಬಂಧ ಇಲ್ಲ ಅಂತ ನಾನೇ ಹೇಳಬೇಕಾಯಿತು. ಆಕೆ ನಂಬಿದರೋ ಇಲ್ಲವೋ ತಿಳಿಯಲಿಲ್ಲ, “ಹೂಂ” ಅಂದರು. ಅಪ್ಪ ಹೋಗುವಾಗ ಎರಡೂ ಕೈ ಮುಗಿದರು.

“ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಹುಡುಗೀನ ವಾಪಸ್ ಮೈಸೂರಿಗೆ ಕಳಿಸಿಬಿಡ್ರಿ.”

ಜೈಲಿಗೆ ಹೋದ ಅಜ್ಜ

ತಂಗಿಯರು ಬೇಡ ಅಂದಮೇಲೆ ಅಜ್ಜಂದಿರು ಬಂದರು. “ನಿಮ್ಮ ಮನೆತನದ ಬಗ್ಗೆ ಬರೀರಿ, ಹಿರಿಯರನ್ನು ಕೇಳಿ ಬರೀರಿ” ಅಂದಿದ್ದೆ. ಒಬ್ಬ ಹುಡುಗನ ತಾಯಿಯ ತವರು ಈಸೂರು. ಅವನು ಬರೆದ: ‘ನಮ್ಮ ಅಜ್ಜನವರು ನಲವತ್ತೆರಡರ ಚಳವಳಿಯಲ್ಲಿ ಧುಮುಕಿದರು. ಬ್ರಿಟಿಷರ ಲಾಠಿಗೆ ಎದೆಯೊಡ್ಡಿ ಜೈಲು ಸೇರಿದರು. ಅವರ ರಕ್ತವೇ ನನ್ನಲ್ಲಿ ಹರಿಯುತ್ತಿದೆ.’

ಓದಿ ನನಗೆ ಮೈ ಜುಮ್ಮೆಂದಿತು. ಇಂಥವರ ಮೊಮ್ಮಗ ನಮ್ಮ ಕ್ಲಾಸಿನಲ್ಲಿದ್ದಾನಲ್ಲ ಅಂತ ಹೆಮ್ಮೆಪಟ್ಟೆ. ಮುಂದಿನ ವಾರ ಅಜ್ಜ ಮಗಳ ಮನೆಗೆ ಬಂದಿದ್ದಾರೆ ಅಂತ ತಿಳಿದು ಶಾಲೆಗೆ ಕರೆಸಿದೆ. ಮಕ್ಕಳನ್ನು ಸಾಲಾಗಿ ಕೂರಿಸಿ, ಅಜ್ಜನಿಗೆ ಒಂದು ಹಾರ ಹಾಕಿಸಿದೆ. ಅಜ್ಜ ಗಟ್ಟಿಮುಟ್ಟಾಗಿದ್ದರು. ಸ್ವಲ್ಪ ಜಾಸ್ತಿಯೇ ಗಟ್ಟಿಮುಟ್ಟಾಗಿದ್ದರು.

“ಅಜ್ಜಾ, ನಿಮಗೆ ವಯಸ್ಸೆಷ್ಟು?”

“ಎಪ್ಪತ್ತು ದಾಟೈತೆ ಕಣವ್ವ.”

ನಮ್ಮ ಹೆಡ್ ಮೇಷ್ಟ್ರು ಗಣಿತದವರು. ಅವರು ಕೂತಲ್ಲೇ ಬೆರಳು ಮಡಚಿ ನನ್ನ ಕಡೆ ನೋಡಿದರು. ನಾನು ಮೊಮ್ಮಗನ ಪ್ರಬಂಧವನ್ನು ಅಜ್ಜನಿಗೆ ಓದಿ ಹೇಳಿದೆ.

ಅಜ್ಜ ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಹುಟ್ಟೋಕೆ ಮುಂಚೇನೇ ನನ್ನ ಜೈಲಿಗೆ ಹಾಕಿದ್ಯೇನೋ? ಆಗ ನಮ್ಮಪ್ಪನೇ ಸಣ್ಣ ಹುಡುಗ. ಪೋಲೀಸ್ರು ಬಂದ್ರು ಅಂತ ಹೆದರಿ ಭತ್ತ ತುಂಬಿಡೋ ಪಣತದೊಳಗೆ ಇಳಿದು ಕೂತಿದ್ದನಂತೆ. ಹೊರಗೆ ಬಂದಮೇಲೆ ವಾರಗಟ್ಟಲೆ ಮೈಯೆಲ್ಲ ತುರಿಕೆ. ಸಾಯೋತನಕ ಆ ತುರಿಕೆ ಕಥೆ ಹೇಳ್ತಿದ್ದ.”

ಮಕ್ಕಳೆಲ್ಲ ನಕ್ಕರು. ನಾನು ಹುಡುಗನಿಗೆ, “ಎಷ್ಟು ಚೆನ್ನಾಗಿದೆ ನೋಡೋ! ಇದನ್ನೇ ಬರೀಬೇಕಿತ್ತು” ಅಂದೆ.

“ಭತ್ತದೊಳಗೆ ಕೂತಿದ್ದಕ್ಕೆ ಮಾರ್ಕ್ಸ್ ಕೊಡಲ್ಲ ಮೇಡಂ. ಜೈಲಿಗೆ ಹೋದ್ರೆ ಕೊಡ್ತಾರೆ” ಅಂದ ಅವನು.

ಅಜ್ಜ ಕಿವಿ ನಿಮಿರಿಸಿದರು. “ಎಷ್ಟು ಕೊಡ್ತಾರಲೇ?”

“ಐದಕ್ಕೆ ಐದು ಅಜ್ಜ.”

ಅಜ್ಜ ಹಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. “ಹಂಗಾದ್ರೆ ಇರಲಿ ಬಿಡವ್ವ. ಪರೀಕ್ಷೆ ಮುಗಿಯೋತನಕ ನಾನು ಜೈಲಲ್ಲೇ ಇರ್ತೀನಿ.”

ಎಷ್ಟು ಅನ್ನಿಸಬೇಕು?

ಮನೆ ಬೇಡ, ಮನೆತನ ಬೇಡ, ಸಾಹಿತ್ಯದಿಂದಲೇ ಶುರುಮಾಡೋಣ ಅಂತ ಒಂದು ದಿನ ಪದ್ಯ ತೆಗೆದುಕೊಂಡೆ. ತವರು ಬಿಟ್ಟು ಹೊರಟ ಹೆಣ್ಣಿನ ಪದ್ಯ. ಮಳೆ ಬಂದು ನಿಂತಿತ್ತು, ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು, ನನ್ನ ಗಂಟಲೂ ಆವತ್ತು ಚೆನ್ನಾಗಿತ್ತು. ಓದುತ್ತಾ ಓದುತ್ತಾ ನನಗೇ ಕಣ್ಣು ತುಂಬಿ ಬಂತು. ಪುಸ್ತಕ ಮುಚ್ಚಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಬ್ಬಾ, ಎಲ್ಲೋ ತಟ್ಟಿತು ಅಂದುಕೊಂಡೆ.

“ಹೇಳ್ರಪ್ಪ. ಇದನ್ನ ಕೇಳಿ ನಿಮಗೆ ಏನನ್ನಿಸ್ತು? ಪುಸ್ತಕದ ಉತ್ತರ ಬೇಡ. ನಿಮಗೆ, ನಿಮ್ಮೊಳಗೆ, ಏನನ್ನಿಸ್ತು?”

ಉಡುತಡಿಯಿಂದ ಸೈಕಲ್ಲಿನಲ್ಲಿ ಬರುವ ಹುಡುಗಿಯೊಬ್ಬಳಿದ್ದಾಳೆ, ಕ್ಲಾಸಿಗೇ ಫಸ್ಟ್. ಅವಳು ಎದ್ದು ನಿಂತಳು. ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದಳು.

“ಎಷ್ಟು ಮಾರ್ಕ್ಸಿಗೆ ಅನ್ನಿಸಬೇಕು ಮೇಡಂ?”

ನನ್ನ ಸರದಿ

ಆವತ್ತು ಮನೆಗೆ ಬಂದವಳು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು, “ಸಾಕಪ್ಪಾ ಸಾಕು, ಕಚೇರಿಗೇ ಹೋಗ್ತೀನಿ” ಅಂದೆ. ನಮ್ಮನೆಯವರು ಚಹಾ ಮಾಡಿ ತಂದುಕೊಟ್ಟರು. ಅವರು ಚಹಾ ತಂದುಕೊಟ್ಟರೆ ಹಿಂದೆ ಒಂದು ಮಾತು ಇದ್ದೇ ಇರುತ್ತದೆ.

“ಅಲ್ಲಾ, ಆ ಮಕ್ಕಳಿಗೆ ದಿನಾ ನೀನ್ಯಾರು, ನೀನ್ಯಾರು ಅಂತ ಕೇಳ್ತೀಯಲ್ಲ, ನೀನು ಬರಿ ನೋಡೋಣ. ನೀನ್ಯಾರು ಅಂತ.”

“ಅದೇನು ಮಹಾ! ಕೊಡಿ ಇಲ್ಲಿ ಪೆನ್ನು” ಅಂದೆ.

ಬರೆಯಲಿಕ್ಕೆ ಕೂತೆ. ‘ನಾನು’ ಅಂತ ಬರೆದೆ. ಆಮೇಲೆ ಕುಕ್ಕರ್ ಮೂರು ಸೀಟಿ ಹಾಕಿತು, ಎದ್ದು ಹೋಗಿ ಆರಿಸಿ ಬಂದೆ. ‘ನಾನು ಒಬ್ಬ ಶಿಕ್ಷಕಿ’ ಅಂತ ಬರೆದೆ. ಅದು ಹಾಜರಿ ಪುಸ್ತಕದಲ್ಲೂ ಇದೆ. ‘ನಾನು ಇವರ ಹೆಂಡತಿ’ ಅಂತ ಬರೆಯಬಹುದು, ಆದರೆ ಅದನ್ನು ಬರೆದರೆ ಇವರು ಗೆದ್ದಹಾಗಾಗುತ್ತದೆ. ಹಾಗಾದರೆ ಇವೆರಡೂ ಅಲ್ಲದ ಹೊತ್ತಿನಲ್ಲಿ ನಾನು ಯಾರು? ಆ ಹೊತ್ತು ಯಾವಾಗ ಬರುತ್ತದೆ? ಬಸ್ಸಿನಲ್ಲಿ ಬರುತ್ತದೆ, ಆದರೆ ಅಲ್ಲಿ ನಾನು ನಿದ್ದೆ ಮಾಡಿರುತ್ತೇನೆ. ಸತ್ಯ ಹೇಳುತ್ತೇನೆ, ನನಗೆ ಸ್ವಲ್ಪ ಭಯವೇ ಆಯಿತು. ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ಸರಸರ ಅಂತ ನಾಲ್ಕು ಸಾಲು ಬರೆದು ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. “‘ನನಗೆ ಪುಸ್ತಕ ಓದುವುದೆಂದರೆ ಬಹಳ ಇಷ್ಟ. ನಮ್ಮದು ಚಿಕ್ಕ ಸಂಸಾರ. ನಮ್ಮ ಮನೆಯ ಮುಂದೆ ಒಂದು ಹೂದೋಟವಿದೆ...’”

ಓದುವುದು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಅಲ್ಲಿರುವುದು ಒಂದು ಕರಿಬೇವಿನ ಗಿಡ, ಒಂದು ಒಡೆದ ಕುಂಡ.

“ಟಾಮಿ ಎಲ್ಲಿ?” ಅಂದರು.

ಗಂಟಲು

ದೀಪಾವಳಿ ರಜೆ ಮುಗಿಸಿ ಬಂದಮೇಲೆ ಕೊನೇ ಸಲ ಅಂತ ಇನ್ನೊಮ್ಮೆ ಬರೆಸಿದೆ. ಈ ಸಲ ಮಾರ್ಕ್ಸ್ ಇಲ್ಲ, ಸಹಿ ಇಲ್ಲ, ಯಾರೂ ಓದುವುದಿಲ್ಲ, ನಾನೊಬ್ಬಳೇ ಓದುತ್ತೇನೆ ಅಂದೆ. ಮಾರ್ಕ್ಸ್ ಇಲ್ಲ ಅಂದಕೂಡಲೇ ಅರ್ಧ ಜನ ಎರಡೇ ಸಾಲು ಬರೆದರು.

ಮೂರನೇ ಬೆಂಚಿನಲ್ಲಿ ಗೋಡೆ ಪಕ್ಕ ಕೂರುವ ಒಬ್ಬ ಹುಡುಗಿ ಇದ್ದಾಳೆ. ಮನೆ ಅಂಬ್ಲಿಗೊಳ ಡ್ಯಾಮಿನ ಚಾನಲ್ ಪಕ್ಕ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಾಳೆ. ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು ನನ್ನ ಹತ್ತಿರ ಗುಟ್ಟಾಗಿ, “ಆ ಹುಡುಗಿಗೆ ಮಾತು ಬರುತ್ತಾ ಮೇಡಂ?” ಅಂತ ಕೇಳಿದ್ದರು. ಅವಳು ಬರೆದದ್ದು ಹೀಗಿತ್ತು:

‘ನಮ್ಮ ಮನೆಯಲ್ಲಿ ಬೈಯುವವಳು ನಾನು. ಚಾನಲ್ಲಿಗೆ ನೀರು ಬಿಟ್ಟಾಗ ಮೇಲಿನ ಗದ್ದೆಯ ದೊಡ್ಡಪ್ಪ ಮಣ್ಣು ಹಾಕಿ ನೀರು ಕಟ್ಟುತ್ತಾನೆ. ನಮ್ಮ ಪಾಳಿ ಬಂದರೂ ಬಿಡುವುದಿಲ್ಲ. ಅಪ್ಪನಿಗೆ ಬೈಯಲು ಬರುವುದಿಲ್ಲ, ಅವನಿಗೆ ನಗು ಬರುತ್ತದೆ. ಅವ್ವ ಬೈದರೆ ಸಂಬಂಧ ಕೆಡುತ್ತದೆ. ಮಕ್ಕಳು ಬೈದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅದಕ್ಕೇ ನನ್ನನ್ನು ಬದುವಿನ ಮೇಲೆ ನಿಲ್ಲಿಸುತ್ತಾರೆ. ನನ್ನ ಗಂಟಲು ಆಚೆ ಊರಿನವರೆಗೂ ಕೇಳಿಸುತ್ತದಂತೆ. ಶಾಲೆಯಲ್ಲಿ ನಾನು ಮಾತಾಡುವುದಿಲ್ಲ, ಗಂಟಲು ಉಳಿಸಿಕೊಳ್ಳಬೇಕು. ಹಬ್ಬದ ದಿನ ಅದೇ ದೊಡ್ಡಪ್ಪ ನನ್ನನ್ನು ಕರೆದು ಹೋಳಿಗೆಗೆ ತುಪ್ಪ ಹಾಕಿ ಕೊಡುತ್ತಾನೆ. ನಾನು ತಿನ್ನುತ್ತೇನೆ. ಬೈದವಳೂ ತಿಂದವಳೂ ಒಬ್ಬಳೇನಾ ಅಂತ ನನಗೆ ಗೊತ್ತಾಗುವುದಿಲ್ಲ.’

ಓದಿ ಮೊದಲು ನಕ್ಕೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುವುದನ್ನು ಇಷ್ಟು ಚೆನ್ನಾಗಿ ನಾನು ಎಲ್ಲೂ ಓದಿರಲಿಲ್ಲ. ಆಮೇಲೆ ಕೊನೇ ಸಾಲು ಇನ್ನೊಂದು ಸಲ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವಾ! ಹುಡುಗಿಯನ್ನು ಕರೆದು, ಇದನ್ನು ಗೋಡೆಪತ್ರಿಕೆಗೆ ಹಾಕಲಾ ಅಂತ ಕೇಳಿದೆ. ಆಗಲಿ ಅನ್ನುವ ಹಾಗೆ ತಲೆಯಾಡಿಸಿದಳು. ಅವಳ ಕಿವಿ ಕೆಂಪಾಗಿದ್ದವು, ಸಂತೋಷಕ್ಕೆ ಅಂತ ನನಗೆ ಗೊತ್ತಾಯಿತು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, “ಹೀಗೆ ಬರೀಬೇಕು ನೋಡ್ರಿ” ಅಂದೆ. ಗೋಡೆಗೆ ನಾನೇ ಅಂಟಿಸಿದೆ. ಆಮೇಲೆ ಹೆಡ್ ಮೇಷ್ಟ್ರ ರೂಮಿಗೆ ಹೋಗಿ, “ಸರ್, ನಾನು ಎಲ್ಲೂ ಹೋಗಲ್ಲ” ಅಂದುಬಿಟ್ಟೆ.

ಅವರು ಹೊರಗೆ ಬಂದು ಗೋಡೆಯ ಮುಂದೆ ಕೈಕಟ್ಟಿ ನಿಂತು ಪೂರ್ತಿ ಓದಿದರು.

“ಮೇಡಂ, ಈ ಹುಡುಗೀನ ಒಂದ್ಸಲ ಶಾಲಾ ಸಮಿತಿ ಮೀಟಿಂಗಿಗೆ ಕೂರಿಸೋಣ್ವಾ? ಕಾಂಪೌಂಡ್ ಗೋಡೆ ವಿಷಯ ಬಹಳ ದಿನದಿಂದ ಹಂಗೇ ನಿಂತೈತೆ.”

ಮೂಲದಲ್ಲಿ ಹೀಗಿಲ್ಲ

ಖುಷಿಯಾಗಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಬಂತು. ಈ ಸಲ ನಮ್ಮ ಮಕ್ಕಳ ಉತ್ತರ ಪತ್ರಿಕೆಗಳು ಸೊರಬದ ಒಂದು ಶಾಲೆಗೆ ಹೋದವು, ಅವರದು ನಮಗೆ ಬಂದವು. ಪ್ರಬಂಧದ ಪ್ರಶ್ನೆ ಇದ್ದದ್ದು ಐದು ಅಂಕಕ್ಕೆ: ‘ನಿಮ್ಮ ಬಗ್ಗೆ ನೀವು ಬರೆಯಿರಿ.’ ನನಗೋ ಹಿಗ್ಗು. ಹುಡುಗಿಗೆ ಹಬ್ಬ ಅಂದುಕೊಂಡೆ.

ಒಂದು ವಾರಕ್ಕೆ ಸೊರಬದ ಕನ್ನಡ ಮೇಷ್ಟ್ರು ಫೋನ್ ಮಾಡಿದರು.

“ಎಂತ ಚಂದ ತಯಾರು ಮಾಡಿದ್ದೀರಿ ಮಾರಾಯ್ರೆ! ಪ್ರಬಂಧ ಒಂದಕ್ಷರ ಆಚೀಚೆ ಇಲ್ಲ. ಎಲ್ಲರಿಗೂ ಐದಕ್ಕೆ ಐದು ಹಾಕಿದ್ದೇನೆ.”

“ಆಚೀಚೆ ಇಲ್ಲ ಅಂದ್ರೆ?” ಅಂದೆ.

“ಅದೇ, ನಮ್ಮ ಮನೆಯಲ್ಲಿ ಬೈಯುವವಳು ನಾನು, ಅಂತ ಶುರುವಾಗ್ತದಲ್ಲ. ಗಂಡುಮಕ್ಕಳೂ ‘ಬೈಯುವವಳು’ ಅಂತಲೇ ಬರ್ದಿದ್ದಾವೆ, ಅಷ್ಟು ನಿಯತ್ತು! ಒಬ್ಬಳು ಮಾತ್ರ ಕಂಠಪಾಠ ಸರಿಯಾಗಿ ಮಾಡದೆ ಏನೇನೋ ಸೇರಿಸಿ ಹಾಳುಮಾಡಿದ್ದಾಳೆ. ಅವಳಿಗೆ ಸೊನ್ನೆ.”

ಕಟ್ಟು ವಾಪಸ್ ಬಂದಕೂಡಲೇ ಬಿಚ್ಚಿದೆ. ನಲವತ್ತು ಜನ ಬದುವಿನ ಮೇಲೆ ನಿಂತಿದ್ದರು. ಶಿರಾಳಕೊಪ್ಪದಲ್ಲಿ ಬೇಕರಿ ಇಟ್ಟವರ ಮಗನೂ ನಿಂತಿದ್ದ. ಆ ಮನೆಯಲ್ಲಿ ಬದುವೂ ಇಲ್ಲ, ದೊಡ್ಡಪ್ಪನೂ ಇಲ್ಲ. ಉಡುತಡಿಯ ಫಸ್ಟ್ ರ‍್ಯಾಂಕಿನವಳು ತುಪ್ಪದ ಕೆಳಗೆ ಗೆರೆ ಎಳೆದಿದ್ದಳು. ನಮ್ಮ ಹುಡುಗಿ ಮಾತ್ರ ಬೇರೆ ಬರೆದಿದ್ದಳು: ‘ಈಗ ನಾನು ಬದುವಿನ ಮೇಲೆ ಕಾಣಿಸಿದರೆ ಸಾಕು, ದೊಡ್ಡಪ್ಪ ನೀರು ಬಿಟ್ಟುಬಿಡುತ್ತಾನೆ. ಬೈಯುವುದು ಏನೂ ಉಳಿದಿಲ್ಲ. ಬೈಯದಿದ್ದರೆ ನಾನು ಯಾರು ಅಂತ ಯೋಚಿಸುತ್ತಿದ್ದೇನೆ.’ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇತ್ತು: ‘ಮೂಲದಲ್ಲಿ ಹೀಗಿಲ್ಲ.’

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ‘ನಾನು’ವನ್ನು ಗೋಡೆಗೆ ಅಂಟಿಸಿ ಊರಿಗೆಲ್ಲ ಹಂಚಿದವಳು ನಾನೇ ಅಲ್ಲವಾ. ಇನ್ನು ನನ್ನಿಂದಾಗದು ಅನ್ನಿಸಿತು. ಅಲ್ಲೇ ಕೂತು ಕಚೇರಿಗೆ ಹೋಗುವ ಒಪ್ಪಿಗೆ ಪತ್ರ ಬರೆದು ಬ್ಯಾಗಿಗೆ ಹಾಕಿಕೊಂಡೆ. “ಸೋಮವಾರ ಕೊಡ್ತೀನಿ ಸರ್” ಅಂತ ಹೆಡ್ ಮೇಷ್ಟ್ರಿಗೂ ಹೇಳಿದೆ. ಆಮೇಲೆ ಕ್ಲಾಸಿಗೆ ಹೋಗಿ, “ಯಾಕ್ರೋ ಹಿಂಗೆ ಮಾಡಿದ್ರಿ?” ಅಂತ ಕೇಳಿದೆ.

ಬೇಕರಿ ಹುಡುಗ ಎದ್ದು ನಿಂತ.

“ಮೇಡಂ, ಗೈಡಿಂದ ಬರೆದ್ರೆ ನೀವು ಬೈತೀರಿ. ಅದಕ್ಕೇ ಈ ಸಲ ನಮ್ಮೂರಿಂದೇ ಕಾಪಿ ಮಾಡಿದ್ವಿ.”

ಸೊರಬದ ಬೆಂಚು

ಮಧ್ಯಾಹ್ನ ಹುಡುಗಿ ಉತ್ತರ ಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಮಾತು ಕೇಳಿದೆ, ಅದೂ ಪಿಸುದನಿಯಲ್ಲಿ.

“ಮೇಡಂ, ಮೂಲ ಅಂದ್ರೆ ನಾನೇ ಅಲ್ವಾ?”

ಹೆಡ್ ಮೇಷ್ಟ್ರು ಸಮಾಧಾನ ಹೇಳಿದರು. “ಪೂರ್ವಸಿದ್ಧತೆ ಅಂಕ ಎಲ್ಲೂ ಲೆಕ್ಕಕ್ಕೆ ಬರಲ್ಲ ಪುಟ್ಟಿ, ಬಿಟ್ಟುಬಿಡು.” ಅವಳು ಬಿಡಲಿಲ್ಲ. ಅಂಕ ಲೆಕ್ಕಕ್ಕೆ ಬಾರದಿರಬಹುದು, ‘ನಾನು’ ಅನ್ನುವುದರ ಪಕ್ಕ ಸೊನ್ನೆ ಇದೆಯಲ್ಲ. “ಸೊರಬಕ್ಕೆ ಬಸ್ಸು ಎಷ್ಟೊತ್ತಿಗೆ ಮೇಡಂ?” ಅಂತ ಕೇಳಿದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟೆವು. ಅವರಪ್ಪ ಬಸ್ ಸ್ಟಾಪಿಗೆ ಬಂದಿದ್ದರು. “ನೀವೂ ಬರ್ರಿ” ಅಂದರೆ, “ಬೇಡ ಮೇಡಂ, ಇಂಥ ಜಾಗದಲ್ಲಿ ನನಗೆ ನಗು ಬರ್ತೈತೆ” ಅಂದರು. ಆಗಲೇ ನಗುತ್ತಿದ್ದರು.

ಸೊರಬದ ಮೇಷ್ಟ್ರು ಒಳ್ಳೆಯವರು. ಹಿರಿಯರು, ನಿವೃತ್ತಿಗೆ ಹತ್ತಿರ. ಅವರ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಚಹಾ ತರಿಸಿದರು. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವರು ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ನೀವು ಹೇಳೋದು ಸರಿಯೇ ಇರಬಹುದು. ಆದ್ರೆ ನನ್ನ ಕಷ್ಟ ನೋಡಿ. ನಲವತ್ತು ಜನ ‘ಬೈಯುವವಳು ನಾನು’ ಅಂತಾರೆ. ಈ ಮಗು ನೋಡಿದ್ರೆ ಬಾಯಿ ಬಿಟ್ಟು ಒಂದು ನಮಸ್ಕಾರ ಹೇಳಲಿಲ್ಲ. ಬೈಯೋದು ಇವಳೇ ಅಂತ ಹೇಗೆ ನಂಬೋದು ಮಾರಾಯ್ರೆ?”

ಹುಡುಗಿ ನನ್ನ ಸೆರಗು ಜಗ್ಗಿದಳು.

“ಮೇಡಂ, ಈ ಸರ್‌ಗೆ ಬೈಬಹುದಾ?”

ಮೇಷ್ಟ್ರು ನಕ್ಕರು. “ಬೈ ಮಗಾ, ಬೈ. ನಾನೇ ನಿನ್ನ ದೊಡ್ಡಪ್ಪ ಅಂತ ತಿಳ್ಕೋ.”

ಹುಡುಗಿ ಸುತ್ತ ನೋಡಿದಳು. “ಎತ್ತರ ಬೇಕು” ಅಂದಳು. ಚಪ್ಪಲಿ ಬಿಟ್ಟು, ಮೂಲೆಯಲ್ಲಿದ್ದ ಬೆಂಚು ಹತ್ತಿದಳು. ಜಡೆ ಹಿಂದಕ್ಕೆ ಹಾಕಿದಳು. ಸೊಂಟಕ್ಕೆ ಕೈ ಕೊಟ್ಟಳು.

“ಏಯ್ ದೊಡ್ಡಪ್ಪಾ! ನೀರೇನು ನಿಮ್ಮಪ್ಪ ಕಟ್ಟಿಸಿದ ಡ್ಯಾಮಿಂದ ಬರ್ತೈತಾ? ನಮ್ಮ ಪಾಳಿ ಬೆಳಿಗ್ಗೆಯಿಂದ ಐತೆ, ಮಣ್ಣು ಹಾಕೋಕೆ ನಿಂಗ್ಯಾರು ಹೇಳಿದ್ರು? ನಿನ್ನ ಗದ್ದೆ ಕುಡಿದು ಕುಡಿದು ಹೊಟ್ಟೆ ಉಬ್ಬರಿಸ್ಕೊಂಡೈತೆ, ನಮ್ಮದು ಬಾಯಿ ಬಿಟ್ಕೊಂಡು ಬಿದ್ದೈತೆ! ನೋಡ್ತಿರು, ಈ ಸಲ ನಿನ್ನ ಗದ್ದೇಲಿ ಭತ್ತ ಬೆಳಿಯಲ್ಲ, ಕಪ್ಪೆ ಬೆಳೀತಾವೆ! ಕಪ್ಪೇನೇ ಬೇಯಿಸ್ಕೊಂಡು ಉಣ್ಣು! ಬಿಡ್ತೀಯೋ ನೀರು, ಇಲ್ಲಾ ನಾನೇ ಕೆಳಗಿಳೀಲೋ?”

ದೇವರಾಣೆ, ಕಿಟಕಿಯ ಗಾಜು ಅದುರಿತು. ಸ್ಪೆಷಲ್ ಕ್ಲಾಸಿಗೆ ಅಂತ ಉಳಿದು ಕಾರಿಡಾರಿನಲ್ಲಿದ್ದ ಮಕ್ಕಳು ಓಡಿಬಂದು ಬಾಗಿಲಲ್ಲಿ ಗುಂಪುಗಟ್ಟಿದರು. ಆಫೀಸಿನಲ್ಲಿದ್ದ ಗುಮಾಸ್ತರು, ಏನೋ ಅನಾಹುತ ಆಯಿತು ಅಂತ ಬೆಲ್ ಹೊಡೆದೇಬಿಟ್ಟರು. ಮೇಷ್ಟ್ರು ಎರಡೂ ಕೈ ಮೇಲೆತ್ತಿದ್ದರು. ಚಹಾ ಅವರ ಅಂಗಿಯ ಮೇಲಿತ್ತು.

“ಬಿಟ್ಟೆ ತಾಯಿ, ಬಿಟ್ಟೆ! ನೀರೂ ಬಿಟ್ಟೆ, ಅಂಕಾನೂ ಬಿಟ್ಟೆ! ಮೂಲ ಇವಳೇ!”

ಸೊನ್ನೆ ಹೊಡೆದು ಐದು ಹಾಕಿದರು. ‘ಮೂಲದಲ್ಲಿ ಹೀಗಿಲ್ಲ’ ಅನ್ನುವುದರ ಮೇಲೂ ಗೆರೆ ಎಳೆದು ಸಹಿ ಮಾಡಿದರು. ಹುಡುಗಿ ಬೆಂಚಿನಿಂದ ಇಳಿದು, ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚಪ್ಪಲಿ ಮೆಟ್ಟಿಕೊಂಡಳು. ಬೈದ ಮೇಲೆ ಹೋಳಿಗೆ ತಿನ್ನುವ ಹುಡುಗಿ ಇವಳೇ ಅಂತ ನನಗೂ ಕಣ್ಣಾರೆ ಕಂಡಿತು. ಮೇಷ್ಟ್ರು ಗೇಟಿನವರೆಗೂ ಬಂದು ಕಳಿಸಿಕೊಟ್ಟರು. “ಉಳಿದ ನಲವತ್ತು ಜನರನ್ನ ಮಾತ್ರ ಕರ್ಕೊಂಡು ಬರಬೇಡಿ ಮೇಡಂ” ಅಂದರು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಹೇಗೋ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಹುಡುಗಿ ಮತ್ತೆ ಮೊದಲಿನ ಹಾಗೆ ಸುಮ್ಮನೆ ಕಿಟಕಿ ನೋಡುತ್ತಾ ಕೂತಿದ್ದಳು. ನನಗೆ ಸಂತೋಷವಾಗಿತ್ತು, ಸುಸ್ತೂ ಆಗಿತ್ತು. ಬ್ಯಾಗಿನೊಳಗೆ ಆ ಪತ್ರ ಇನ್ನೂ ಇತ್ತು. ಒಂದು ಹುಡುಗಿಗಾಗಿ ಇಷ್ಟು ಓಡಾಡಿದೆ, ಪ್ರತಿ ವರ್ಷ ಹೀಗೆ ಓಡಲಿಕ್ಕೆ ನನ್ನ ಮಂಡಿ ಒಪ್ಪುತ್ತದಾ? ಫ್ಯಾನು ಕಣ್ಣ ಮುಂದೆ ತಿರುಗಿತು.

ಶಿರಾಳಕೊಪ್ಪ ಬರುವ ಹೊತ್ತಿಗೆ ಹುಡುಗಿ ನನ್ನ ಕಡೆ ತಿರುಗಿದಳು.

“ಮೇಡಂ, ನೀವು ಶಾಲೆ ಬಿಟ್ಟು ಆಫೀಸಿಗೆ ಹೋಗ್ತೀರಂತೆ?”

“ಯಾರೇ ಹೇಳಿದ್ದು?”

“ಹೆಡ್ ಮೇಷ್ಟ್ರು ಹೇಳ್ತಿದ್ರು. ಹೌದಾ ಮೇಡಂ?”

“ಹೋದ್ರೆ ಏನು ಮಾಡ್ತೀಯ?” ಅಂದೆ ತಮಾಷೆಗೆ.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಒಂದು ಕಾಲಿಟ್ಟಳು. ಜಡೆ ಹಿಂದಕ್ಕೆ ಹಾಕಿದಳು. ಗಂಟಲು ಸರಿಮಾಡಿಕೊಂಡಳು.

“ಇಲ್ಲ ಕಣೇ, ಹೋಗಲ್ಲ, ಹೋಗಲ್ಲ!” ಅಂತ ಅವಳ ಕೈ ಹಿಡಿದು ಕೂರಿಸಿದೆ. “ಇಳಿ ಕೆಳಗೆ. ಬಸ್ಸಲ್ಲಿ ಜನ ಇದ್ದಾರೆ.”